ತೋಟಾದ ತಳ ಓದುವುದು ಹೇಗೆ?

ಗುಂಡು ಹಾರಿದ ಮೇಲೆ ರೈಫಲ್ಲಿನಿಂದ ಹೊರಬೀಳುವ ಖಾಲಿ ತೋಟಾವನ್ನು ನಮ್ಮಲ್ಲಿ ಹೆಚ್ಚಿನವರು ಲೆಕ್ಕಕ್ಕೆಂದು ಎತ್ತಿಡುತ್ತಾರೆ. ಅದನ್ನು ತಿರುಗಿಸಿ ತಳವನ್ನು ಬೆಳಕಿಗೆ ಹಿಡಿದು ನೋಡುವವರು ಕಡಿಮೆ. ನಳಿಗೆಯೊಳಗೆ ಒಂದೆರಡು ಮಿಲಿಸೆಕೆಂಡಿನಲ್ಲಿ ಏನಾಯಿತು ಎಂಬುದಕ್ಕೆ ಸಾಮಾನ್ಯ ಮನುಷ್ಯನ ಕೈಗೆ ಸಿಗುವ ಸಾಕ್ಷಿ ಆ ಹಿತ್ತಾಳೆಯ ಚೂರೊಂದೇ. ಖಾಲಿ ತೋಟಾಕ್ಕೆ ಮದ್ದಿಗೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಗುಂಡು ಒತ್ತಿ ಮತ್ತೆ ಬಳಸುವ ಹ್ಯಾಂಡ್‌ಲೋಡಿಂಗ್ ಕೆಲಸದಲ್ಲಿರುವವರು ಈ ಸಾಕ್ಷಿಯನ್ನು ಓದಲು ಕಲಿಯಲೇಬೇಕು. ಆದರೆ ಈ ಸಾಕ್ಷಿ ಬಾಯಿಬಿಡುವುದು ತಡವಾಗಿ. ಕೆಲವು ಕೋವಿಗಳ ವಿಷಯದಲ್ಲಂತೂ ಅದು ಬಾಯಿಯನ್ನೇ ಬಿಡುವುದಿಲ್ಲ. ಮಲೆನಾಡಿನ ಮನೆಗಳಲ್ಲಿರುವ ಕೋವಿಗಳು ಬಹುತೇಕ ಈ ಎರಡನೆಯ ಜಾತಿಯವು.

ಮೊದಲು ಒತ್ತಡದ ಲೆಕ್ಕ. ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗಿರುವುದು ಸುಮಾರು 15 ಪಿಎಸ್‌ಐ ಒತ್ತಡ. ಪಿಎಸ್‌ಐ ಎಂದರೆ ಇಲ್ಲಿ ಪೊಲೀಸ್ ಠಾಣೆಯ ಸಾಹೇಬರಲ್ಲ, ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ. 12 ಬೋರಿನ ಸಾಮಾನ್ಯ ತೋಟಾಕೋವಿಗೆ ಅಮೆರಿಕದ ಉದ್ಯಮ ಮಾನದಂಡ ಇಟ್ಟಿರುವ ಗರಿಷ್ಠ ಮಿತಿ 11,500. ಹಳೆಯ .303 ರೈಫಲ್ಲಿಗೆ 49,000. .30-06ಕ್ಕೆ 60,000. ಇಷ್ಟು ಒತ್ತಡವನ್ನು ತೋಟಾ ಕೂರುವ ಉಕ್ಕಿನ ಚೇಂಬರ್ ಮತ್ತು ಅದನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ತಡೆದುಕೊಳ್ಳುತ್ತವೆ. ತೋಟಾದ ತೆಳು ಹಿತ್ತಾಳೆ ತಡೆಯುವುದಿಲ್ಲ, ಅದರ ಕೆಲಸ ಬೇರೆ.

ತೋಟಾ ಮಾಡುವ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಅದಕ್ಕೆ ಸ್ವಲ್ಪ ಹಿಗ್ಗಿ ಮತ್ತೆ ಕುಗ್ಗುವ ಗುಣವಿದೆ. ಮದ್ದು ಹೊತ್ತಿದ ಕೂಡಲೇ ತೋಟಾದ ಗೋಡೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಬಿಸಿ ಗಾಳಿ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ, ನುಗ್ಗದಂತೆ ಮುಚ್ಚುತ್ತದೆ. ಗುಂಡು ನಳಿಗೆ ಬಿಟ್ಟು ಒತ್ತಡ ಇಳಿದಾಗ ಗೋಡೆ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ. ಅದಕ್ಕೇ ಖಾಲಿ ತೋಟಾ ಸಲೀಸಾಗಿ ಹೊರಬರುವುದು. ಒತ್ತಡ ಮಿತಿ ದಾಟಿದರೆ ಹಿತ್ತಾಳೆ ತನ್ನ ಆಕಾರಕ್ಕೆ ಮರಳುವುದಿಲ್ಲ. ದಪ್ಪನೆಯ ತಳವೂ ಜಗ್ಗುತ್ತದೆ. ನಾವು ಓದುವ ಗುರುತುಗಳೆಲ್ಲ ಹೀಗೆ ಹಿತ್ತಾಳೆ ಸೋತ ಜಾಗಗಳೇ.

ಓದುವುದನ್ನು ಕೇಪಿನಿಂದ ಶುರು ಮಾಡೋಣ. ಹೊಸ ತೋಟಾದ ತಳದ ನಡುವೆ ಕೂತ ಕೇಪಿನ ಅಂಚು ದುಂಡಗೆ ಬಾಗಿರುತ್ತದೆ, ಅದರ ಸುತ್ತ ತೆಳ್ಳಗಿನ ಸಂದು ಕಾಣುತ್ತದೆ. ಹಾರಿಸಿದ ಮೇಲೂ ಆ ದುಂಡುತನ ಉಳಿದಿದ್ದರೆ ಒತ್ತಡ ಹದದಲ್ಲಿದೆ ಎನ್ನಬಹುದು. ಅಂಚು ಚಪ್ಪಟೆಯಾಗಿ, ಸಂದು ಮುಚ್ಚಿ, ಕೇಪು ತಳಕ್ಕೆ ಬಳಿದ ಹಾಗೆ ಕಂಡರೆ ಅನುಮಾನ ಶುರುವಾಗಬೇಕು. ಪಿನ್ ಹೊಡೆದ ಗುಳಿಯ ಸುತ್ತ ಬೆರಳ ತುದಿಗೆ ತಟ್ಟುವ ಏರುದಂಡೆ ಎದ್ದಿದ್ದರೆ, ಕೇಪಿನ ಲೋಹ ಪಿನ್ನಿನ ತೂತಿನೊಳಗೆ ಹಿಂದಕ್ಕೆ ಹರಿದಿದೆ ಎಂದರ್ಥ. ಗುಳಿಯ ನಡುವೆ ತೂತೇ ಬಿದ್ದಿದ್ದರೆ ಬಿಸಿ ಗಾಳಿ ಬೋಲ್ಟಿನೊಳಕ್ಕೆ ನುಗ್ಗಿದೆ. ಕೇಪಿನ ಸುತ್ತ ಮಸಿಯ ಉಂಗುರವಿದ್ದರೆ ಗಾಳಿ ಬದಿಯಿಂದ ಸೋರಿದೆ. ಕೊನೆಯ ಎರಡು ಕಂಡಲ್ಲಿ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು ಎಂದು ತಿಳಿಯಬೇಕು.

ಆದರೂ ಕೇಪು ಒಳ್ಳೆಯ ಸಾಕ್ಷಿಯಲ್ಲ. ಒಂದು ಕಂಪನಿಯ ಕೇಪಿನ ತಗಡು ಮೆದು, ಇನ್ನೊಂದರದು ಗಟ್ಟಿ. ಮೆದುವಾದದ್ದು ಹದವಾದ ಒತ್ತಡದಲ್ಲೂ ಚಪ್ಪಟೆಯಾಗುತ್ತದೆ, ಗಟ್ಟಿಯಾದದ್ದು ಮಿತಿ ಮೀರಿದಾಗಲೂ ದುಂಡಗೇ ಇರುತ್ತದೆ. ಬೋಲ್ಟಿನ ಮುಖದಲ್ಲಿ ಪಿನ್ನಿನ ತೂತು ಸವೆದು ದೊಡ್ಡದಾಗಿದ್ದರೆ, ಪಿನ್ನಿನ ಸ್ಪ್ರಿಂಗ್ ಸೋತಿದ್ದರೆ ಏರುದಂಡೆ ಸುಮ್ಮನೆ ಏಳುತ್ತದೆ. ಇನ್ನೊಂದು ಸೋಜಿಗವಿದೆ. ತೋಟಾಕ್ಕೂ ಬೋಲ್ಟಿಗೂ ನಡುವೆ ಸಡಿಲ ಹೆಚ್ಚಿದ್ದರೆ ಪಿನ್ ಹೊಡೆದಾಗ ಕೇಪು ಮೊದಲು ಹಿಂದಕ್ಕೆ ಹೊರಬರುತ್ತದೆ, ಆಮೇಲೆ ತೋಟಾ ಹಿಂದೆ ಸರಿದು ಅದನ್ನು ಮತ್ತೆ ಒಳಕ್ಕೆ ಒತ್ತಿ ಚಪ್ಪಟೆ ಮಾಡುತ್ತದೆ. ಒತ್ತಡ ತೀರ ಕಡಿಮೆಯಿದ್ದರೆ ಕೇಪು ಹೊರಬಂದದ್ದು ಹಾಗೇ ನಿಂತಿರುತ್ತದೆ. ಬರೀ ಕೇಪು ನೋಡಿ ತೀರ್ಪು ಕೊಡುವವರು ಎಡವುವುದು ಇಲ್ಲೇ.

ತಳದ ಹಿತ್ತಾಳೆ ಇದಕ್ಕಿಂತ ನಂಬಿಕಸ್ತ. ಹಲವು ರೈಫಲ್ಲುಗಳ ಬೋಲ್ಟಿನ ಮುಖದಲ್ಲಿ ಖಾಲಿ ತೋಟಾವನ್ನು ಹೊರಚಿಮ್ಮಿಸುವ ಎಜೆಕ್ಟರಿನದೊಂದು ಚಿಕ್ಕ ಗುಂಡಿ ಇರುತ್ತದೆ. ಒತ್ತಡ ಹೆಚ್ಚಾದಾಗ ತಳದ ಹಿತ್ತಾಳೆ ಆ ಗುಂಡಿಯೊಳಕ್ಕೆ ಸ್ವಲ್ಪ ಹರಿಯುತ್ತದೆ. ಬೋಲ್ಟ್ ತಿರುಗಿಸಿದಾಗ ಉಬ್ಬಿದ ಭಾಗ ಉಜ್ಜಿ ಹೋಗಿ, ಕಂಪನಿಯ ಅಕ್ಷರಗಳ ಮೇಲೆ ಹೊಳೆಯುವ ಅರ್ಧಚಂದ್ರದ ಗೀರು ಬೀಳುತ್ತದೆ. ಇದು ಕಂಡರೆ ವಾದವಿಲ್ಲ, ಒತ್ತಡ ಹೆಚ್ಚಾಗಿದೆ. ಅದರ ಜೊತೆಗೇ ಬರುವುದು ಬೋಲ್ಟಿನ ಬಿಗಿ. ಎರಡು ಬೆರಳಲ್ಲಿ ಏಳುತ್ತಿದ್ದ ಹಿಡಿಗೆ ಅಂಗೈ ಕೊಟ್ಟು ತಟ್ಟಬೇಕಾಗಿ ಬಂದರೆ ತೋಟಾ ಚೇಂಬರಿನಲ್ಲಿ ಕಚ್ಚಿಕೊಂಡಿದೆ ಎಂದೇ ಅರ್ಥ. ಚೇಂಬರಿನಲ್ಲಿ ತುಕ್ಕು, ಕಿಲುಬು, ಹಳೆಯ ಗ್ರೀಸ್ ಇದ್ದರೂ ಬಿಗಿಯಾಗುವುದುಂಟು. ಹಾಗಾಗಿ ಮೊದಲು ಚೇಂಬರ್ ಒರೆಸಿ, ಕಂಪನಿಯ ತೋಟಾ ಹಾರಿಸಿ ಹೋಲಿಸಬೇಕು. ಅದು ಸಲೀಸಾಗಿ ಬಂದು ನಮ್ಮದು ಬರದಿದ್ದರೆ ತಪ್ಪು ನಮ್ಮದರಲ್ಲಿದೆ.

ಮೂರನೆಯದು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಮುಂದಿನ ಸಲ ಹೊಸ ಕೇಪು ಕೂರಿಸುವಾಗ ಅದು ಬಿಗಿಯಾಗಿ ಹೋಗಬೇಕು. ಬೆರಳಿನಿಂದ ಒತ್ತಿದರೇ ಕೂತರೆ ತಳದ ಗುಳಿ ಅಗಲವಾಗಿದೆ. ನಾಲ್ಕೈದು ಸಲ ಬಾಳಬೇಕಾದ ತೋಟಾ ಒಂದೆರಡು ಸಲಕ್ಕೇ ಹೀಗಾದರೆ, ಬೇರೆ ಯಾವ ಗುರುತೂ ಕಾಣದಿದ್ದರೂ ಮದ್ದು ಹೆಚ್ಚಾಗಿದೆ. ಆ ತೋಟಾವನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿಗೆ ಹಾಕುವುದೇ ಸರಿ.

ತಳದಿಂದ ಅರ್ಧ ಇಂಚಿನೊಳಗೆ ಸುತ್ತಲೂ ಬೆಳ್ಳಗೆ ಹೊಳೆಯುವ ಪಟ್ಟಿಯನ್ನೂ ಕೆಲವರು ಒತ್ತಡದ ಗುರುತೆಂದು ತಿಳಿಯುತ್ತಾರೆ. ಅದು ಹೆಚ್ಚಾಗಿ ಸಡಿಲದ ಗುರುತು. ತೋಟಾದ ಮುಂಭಾಗ ಚೇಂಬರಿಗೆ ಕಚ್ಚಿಕೊಂಡಿರುವಾಗ ತಳ ಹಿಂದಕ್ಕೆ ಜಗ್ಗಿ ಅಲ್ಲಿ ಗೋಡೆ ತೆಳುವಾಗಿರುತ್ತದೆ. ಒಂದು ತಂತಿಯ ತುದಿಯನ್ನು ಕೊಕ್ಕೆಯಂತೆ ಬಾಗಿಸಿ ಒಳಗೋಡೆಯ ಮೇಲೆ ಎಳೆದು ನೋಡಿ. ಗೀರಿಗೆ ತಟ್ಟಿದ ಹಾಗೆ ಸಿಕ್ಕಿಕೊಂಡರೆ ಮುಂದಿನ ಸಲ ತೋಟಾ ಅಲ್ಲೇ ಎರಡು ತುಂಡಾಗುತ್ತದೆ. ಬೋಲ್ಟಿನ ಬೀಗಗಳು ಹಿಂಬದಿಯಲ್ಲಿರುವ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲುಗಳಲ್ಲಿ ಇದು ಬೇಗ ಬರುತ್ತದೆ, ಏಕೆಂದರೆ ಹಾರಿಸಿದಾಗ ಇಡೀ ಬೋಲ್ಟ್ ತುಸು ಕುಗ್ಗುತ್ತದೆ. ಇಶಾಪುರದ ಕಾರ್ಖಾನೆಯ .315 ರೈಫಲ್ ಇದೇ ವಂಶದ್ದು. ಲೈಸೆನ್ಸಿನ ಮೇಲೆ ನಮ್ಮಲ್ಲಿ ಸಿಗುವ ರೈಫಲ್ಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಅದೇ.

ಇನ್ನು ಕಾರಣಗಳ ವಿಚಾರ. ಮದ್ದು ಹೆಚ್ಚಾಗಿ ಬಿತ್ತು ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಹೊಳೆಯದ ಉತ್ತರಗಳೇ ಹೆಚ್ಚು. ಮದ್ದು ಅಷ್ಟೇ ಇದ್ದು ತೋಟಾದ ಕಂಪನಿ ಬದಲಾಗಿರಬಹುದು. ಗೋಡೆ ದಪ್ಪವಿದ್ದರೆ ಒಳಗಿನ ಜಾಗ ಕಡಿಮೆ, ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ. ಗುಂಡನ್ನು ಹೆಚ್ಚು ಆಳಕ್ಕೆ ಒತ್ತಿದರೂ ಆಗುವುದು ಇದೇ. ಉಲ್ಟಾ, ಗುಂಡು ತೀರ ಮುಂದಿದ್ದು ನಳಿಗೆಯ ಸುರುಳಿಗೆರೆಗೆ ತಾಗಿಕೊಂಡಿದ್ದರೆ ಹೊರಡುವಾಗಲೇ ತಡೆಯುಂಟಾಗಿ ಒತ್ತಡ ಜಿಗಿಯುತ್ತದೆ. ಹಲವು ಸಲ ಬಳಸಿದ ತೋಟಾದ ಕತ್ತು ಉದ್ದವಾಗಿ ಚೇಂಬರಿನ ತುದಿಗೆ ಸಿಕ್ಕಿಕೊಂಡಿದ್ದರೆ ಗುಂಡನ್ನು ಬಿಡುವುದಿಲ್ಲ. ಸೀಸದ ತಿರುಳಿನ ಗುಂಡಿನ ಬದಲು ಅದೇ ತೂಕದ ಅಪ್ಪಟ ತಾಮ್ರದ ಗುಂಡು ಹಾಕಿದರೆ, ಅದು ಉದ್ದವಿರುವುದರಿಂದ ತೋಟಾದೊಳಗಿನ ಜಾಗವನ್ನೂ ತಿನ್ನುತ್ತದೆ, ನಳಿಗೆಗೆ ಹೆಚ್ಚಾಗಿಯೂ ಉಜ್ಜುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿ ಫ್ಯಾನ್ ಗಾಳಿಗೆ ಅಲುಗಿ ಸುಳ್ಳು ಹೇಳುವುದೂ ಉಂಟು. ಗುರುತು ಕಂಡಾಗ ಒಂದೊಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಸರಿಹೋಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ನಮ್ಮ ಸೀಮೆಗೆ ಹತ್ತಿರದ ಕಾರಣ ಬಿಸಿಲು. ಕೆಮ್ಮಣ್ಣುಗುಂಡಿ ಇರುವುದು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಆರಿಸಿಕೊಂಡ ತಂಪು ಬೆಟ್ಟವದು. ಡಿಸೆಂಬರ್ ಬೆಳಗಿನಲ್ಲಿ ಅಲ್ಲಿ ಕೈ ಮರಗಟ್ಟುತ್ತದೆ. ಅಲ್ಲಿಂದ ಲಿಂಗದಹಳ್ಳಿಯ ಮೇಲೆ ಇಳಿದು ಬೀರೂರು, ಕಡೂರು, ಅಜ್ಜಂಪುರದ ಬಯಲಿಗೆ ಬಂದರೆ ಏಪ್ರಿಲ್ ತಿಂಗಳಲ್ಲಿ ನೆರಳಲ್ಲೇ 36–38 ಡಿಗ್ರಿ. ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ತೋಟಾದ ಬಿಸಿ ಇದಕ್ಕೂ ಎಷ್ಟೋ ಹೆಚ್ಚು. ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡದ ತುದಿ ಮೇಲೇರುತ್ತದೆ. ಬೆಟ್ಟದ ಚಳಿಯಲ್ಲಿ ಮಿತಿಯ ಅಂಚಿಗೆ ತಂದು ‘ಗುರುತೇನೂ ಇಲ್ಲ’ ಎಂದು ಸಮಾಧಾನಪಟ್ಟ ತೋಟಾ ಅಜ್ಜಂಪುರದ ಬಿಸಿಲಲ್ಲಿ ಬೋಲ್ಟ್ ಕಚ್ಚಿಸುವುದಕ್ಕೆ ಇಷ್ಟೇ ಸಾಕು.

ಇದು ಹೊಸ ಸಂಗತಿಯೂ ಅಲ್ಲ. ಬ್ರಿಟಿಷರ ಕಾಲದ ದೊಡ್ಡ ಬೇಟೆಯ ರೈಫಲ್ಲುಗಳಿಗೆ ಕಾರ್ಡೈಟ್ ಎಂಬ ಮದ್ದು ತುಂಬುತ್ತಿದ್ದರು. ಅದರ ಮೊದಲ ಪಾಕದಲ್ಲಿ ನೈಟ್ರೊಗ್ಲಿಸರಿನ್ ನೂರಕ್ಕೆ 58 ಪಾಲು, ಶಾಖಕ್ಕೆ ಬಲು ಬೇಗ ಕೆರಳುವಂಥದು. ಇಂಗ್ಲೆಂಡಿನ ಚಳಿಗೆ ಹೊಂದಿಸಿದ ತೋಟಾಗಳು ಭಾರತದ ಬೇಸಿಗೆಯಲ್ಲಿ ರೈಫಲ್ಲಿನಿಂದ ಹೊರಬರದೆ ಕಚ್ಚಿಕೊಳ್ಳತೊಡಗಿದ್ದರಿಂದ, ಉಷ್ಣ ದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ‘ಟ್ರಾಪಿಕಲ್’ ತೋಟಾಗಳನ್ನು ಕಂಪನಿಗಳು ಬೇರೆಯಾಗಿ ಮಾರಿದವು. ಆನೆಯೋ ಹುಲಿಯೋ ಮುಂದೆ ನಿಂತಿರುವಾಗ ಎರಡನೆಯ ತೋಟಾ ಹಾಕಲಾಗದಿದ್ದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಈಗಿನ ಕೆಲವು ಮದ್ದುಗಳು ಶಾಖಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ‘ಅಷ್ಟಾಗಿ’ ಎಂದೆ, ಪೂರ್ತಿಯಾಗಿ ಅಲ್ಲ.

ಈ ಸೀಮೆಯ ಬೇಟೆಯ ಮಾತು ಬಂದರೆ ಕೆನೆತ್ ಆಂಡರ್ಸನ್ ನೆನಪಾಗದಿರುವುದಿಲ್ಲ. ಕಡೂರು ಕಡೆಯ ಎಮ್ಮೆದೊಡ್ಡಿಯ ನರಭಕ್ಷಕನ ಕತೆ ಅವನ 1954ರ ಪುಸ್ತಕದಲ್ಲಿದೆ. ಪೂರ್ಣಚಂದ್ರ ತೇಜಸ್ವಿ ಅವನ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದ ಮೇಲೆ ಅವನು ನಮ್ಮ ಮನೆಮಾತಾದ. ಅವನ ಕೈಯಲ್ಲಿದ್ದದ್ದು .405 ಬೋರಿನ ವಿಂಚೆಸ್ಟರ್, 1895ರ ಮಾದರಿ. ಲಿವರ್ ಎಳೆದು ತೋಟಾ ಬದಲಿಸುವ ರೈಫಲ್. ಆ ಕಾಲದ ರೈಫಲ್ಲುಗಳನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ.

ಈಗಿನ ಹಿತ್ತಾಳೆ ಗಟ್ಟಿ. ಎಜೆಕ್ಟರ್ ಗೀರು, ಬೋಲ್ಟಿನ ಬಿಗಿ, ಕೇಪಿನ ಗುಳಿಯ ಸಡಿಲ ಇವೆಲ್ಲ ಸ್ಪಷ್ಟವಾಗಿ ಕಾಣುವ ಹೊತ್ತಿಗೆ ಒತ್ತಡ 65–70 ಸಾವಿರ ಮುಟ್ಟಿರುತ್ತದೆ. 60 ಸಾವಿರದ ಮಿತಿಯ ರೈಫಲ್ಲಿಗೆ ಅದು ತಡವಾಗಿ ಬಂದ ಎಚ್ಚರಿಕೆ. 49 ಸಾವಿರದ .303ರಂಥ ಹಳೆಯ ರೈಫಲ್ಲಿಗೆ ಅದು ಎಚ್ಚರಿಕೆಯೇ ಅಲ್ಲ, ಮಹಜರು. ತೋಟಾದ ತಳ ಚೊಕ್ಕಟವಾಗಿದೆ ಎಂದು ಹಳೆಯ ರೈಫಲ್ಲಿಗೆ ಮದ್ದು ಏರಿಸುತ್ತ ಹೋದವನು, ತಳ ಮಾತಾಡುವ ಮೊದಲೇ ಬೋಲ್ಟಿನ ಬೀಗ ಸೀಳಿಸಿಕೊಂಡಿರಬಹುದು. ಹಾಗಾಗಿ ಗುರುತು ಕಾಣುವ ತನಕ ಏರಿಸಿ ಒಂದು ಮೆಟ್ಟಿಲು ಇಳಿಸುವುದು ಎಂಬ ಹಳೆಯ ಪದ್ಧತಿ ಪೂರ್ತಿ ತಪ್ಪು. ಪರೀಕ್ಷೆ ಮಾಡಿದ ಪುಸ್ತಕದ ಅಳತೆಯೇ ಮಿತಿ. ಅದಕ್ಕಿಂತ ನೂರಕ್ಕೆ ಹತ್ತು ಕಡಿಮೆಯಿಂದ ಶುರು ಮಾಡಿ ಮೆಲ್ಲಗೆ ಏರಬೇಕು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಜೊತೆಗಿರಲಿ. ಅಷ್ಟೇ ಉದ್ದದ ನಳಿಗೆಯಲ್ಲಿ ಪುಸ್ತಕ ಹೇಳಿದ್ದಕ್ಕಿಂತ ಸೆಕೆಂಡಿಗೆ ನೂರು ಅಡಿ ಹೆಚ್ಚು ವೇಗ ಬಂದರೆ ಒತ್ತಡವೂ ಹೆಚ್ಚಾಗಿರುತ್ತದೆ, ಹಿತ್ತಾಳೆ ಎಷ್ಟೇ ಚಂದ ಕಾಣಲಿ. ಪುಕ್ಕಟೆ ವೇಗ ಎಂಬುದಿಲ್ಲ.

ನಮ್ಮ ತೋಟದ ಮನೆಗಳ ಜೋಡುನಳಿಗೆಯ ವಿಷಯ ಇನ್ನೂ ಕಷ್ಟ. 12 ಬೋರಿನ ಮಿತಿಯೇ 11,500. ಅದರ ದುಪ್ಪಟ್ಟು ಒತ್ತಡ ಬಂದರೂ ಕೇಪಿನ ಮೇಲಾಗಲಿ ತಳದ ಮೇಲಾಗಲಿ ನಂಬುವಂಥ ಗುರುತು ಬೀಳುವುದಿಲ್ಲ. ಇಲ್ಲಿ ಮೊದಲ ಗುರುತೇ ಉಬ್ಬಿದ ಅಥವಾ ಸೀಳಿದ ನಳಿಗೆ, ಆ ಜಾಗದಲ್ಲಿ ಮುಂಗೈ ಇರುತ್ತದೆ. ಹಿಂದೆ ಹಿತ್ತಾಳೆಯ 12 ಬೋರ್ ತೋಟಾಗಳಿಗೆ ಕರಿಮದ್ದು, ಬಟ್ಟೆ, ಚರೆ ತುಂಬಿ ಬಳಸುವ ರೂಢಿ ಮಲೆನಾಡಿನಲ್ಲಿತ್ತು. ಕರಿಮದ್ದನ್ನು ಅಳೆಯುವ ಚಮಚದಲ್ಲೇ ಹೊಗೆ ಬಾರದ ಹೊಸ ಮದ್ದು ಅಳೆದರೆ ಆಗುವುದು ಸ್ಫೋಟ. ಎರಡಕ್ಕೂ ಶಕ್ತಿಯಲ್ಲಿ ಹೋಲಿಕೆಯೇ ಇಲ್ಲ.

ಹಾರಿಸಿದ ತೋಟಾ ಹೇಳದ್ದನ್ನು ಇಂಥ ಕೋವಿಗಳಲ್ಲಿ ನಳಿಗೆಯ ಮುದ್ರೆ ಹೇಳುತ್ತದೆ. ಮುಂಭಾಗದ ಮರದ ಹಿಡಿ ಬಿಚ್ಚಿ ನಳಿಗೆಯ ಅಡಿ ನೋಡಿ. ಇಂಗ್ಲೆಂಡಿನಲ್ಲಿ ಹೊಸ ಮದ್ದಿಗೆ ಪರೀಕ್ಷೆಯಾದ ನಳಿಗೆಗಳ ಮೇಲೆ ಎನ್‌ಪಿ ಎಂಬ ಅಕ್ಷರಗಳಿರುತ್ತವೆ. 1954ರ ನಂತರದ ಬರ್ಮಿಂಗ್‌ಹ್ಯಾಮ್ ಮುದ್ರೆಯಾದರೆ ಕಿರೀಟದಡಿ ಬಿಎನ್‌ಪಿ. ಹಾವಿನ ಪೊರೆಯಂಥ ಗೆರೆಗಳಿರುವ ದಮಾಸ್ಕಸ್ ನಳಿಗೆಗೆ ಈ ಮುದ್ರೆಯಿಲ್ಲದಿದ್ದರೆ ಈಗಿನ ಯಾವ ತೋಟಾವನ್ನೂ ಅದರಲ್ಲಿ ಹಾಕಬಾರದು. ಚೇಂಬರಿನ ಉದ್ದವನ್ನೂ ನೋಡಿಕೊಳ್ಳಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಹೆಚ್ಚಿನವು 65 ಮಿಲಿಮೀಟರಿನವು. 70 ಮಿಲಿಮೀಟರಿನ ತೋಟಾ ಅವುಗಳೊಳಕ್ಕೆ ಸಲೀಸಾಗಿ ಇಳಿಯುತ್ತದೆ. ಬಾಯಿ ಬಿಚ್ಚಿಕೊಳ್ಳುವಾಗ ಜಾಗ ಸಾಲದೆ ಕಿರಿದಾದ ಭಾಗದಲ್ಲಿ ಚರೆಯನ್ನು ಹಿಸುಕುತ್ತದೆ, ಒತ್ತಡ ಏರುತ್ತದೆ. ಒಳಕ್ಕೆ ಹೋಯಿತು ಎಂಬುದೇ ಹೊಂದಿಕೆ ಎಂದಲ್ಲ.

ಮದ್ದಿನದೇನೂ ತಪ್ಪಿಲ್ಲದೆ ನಳಿಗೆ ಒಡೆಯುವ ಇನ್ನೊಂದು ದಾರಿಯೂ ಇದೆ, ಅದು ಮಲೆನಾಡಿನದೇ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಕೋವಿಯ ಬಾಯೊಳಗೆ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಚುನಾವಣೆಗೆಂದು ಠಾಣೆಯಲ್ಲಿಟ್ಟು ಬಿಡಿಸಿಕೊಂಡು ಬಂದ ಕೋವಿಗೆ ಸುರಿದ ಎಣ್ಣೆ ಗಟ್ಟಿಯಾಗಿ ಕೂತಿರುತ್ತದೆ. ತೋಟಾ ಹಾಕುವ ಮುನ್ನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡುವುದು ಎರಡು ಸೆಕೆಂಡಿನ ಕೆಲಸ. ಹಾರಿಸಿದಾಗ ಸದ್ದು ಪುಸ್ಸೆಂದು ಬಂದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಎರಡನೆಯದನ್ನು ಹಾರಿಸಬಾರದು, ಕೋವಿ ಖಾಲಿ ಮಾಡಿ ಗಜ ಇಳಿಸಿ ನೋಡಬೇಕು. ಏನೂ ಸದ್ದು ಬಾರದಿದ್ದರೆ ನಳಿಗೆಯನ್ನು ಖಾಲಿ ಜಾಗದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು.

ಕಾನೂನು ಹೇಳದೆ ಮುಗಿಸುವಂತಿಲ್ಲ. ಟೆಕ್ಸಸ್ಸಿನಲ್ಲೋ ಒಹಾಯೊದಲ್ಲೋ ನೆಲೆಸಿದ ನಮ್ಮ ಹುಡುಗರಿಗೆ ತೋಟಾ ತುಂಬುವುದು ಗ್ಯಾರೇಜಿನ ಹವ್ಯಾಸ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾದ ಬಿಡಿಭಾಗಗಳೂ, ತೋಟಾ ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತವೆ. ಲೈಸೆನ್ಸಿಲ್ಲದೆ ತಯಾರಿಸುವುದನ್ನು 5ನೇ ಕಲಮು ನಿಷೇಧಿಸಿದೆ, 2019ರ ತಿದ್ದುಪಡಿಯ ನಂತರ ಅದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯ ತನಕವೂ ಹೋಗಬಹುದು. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿ ಲೈಸೆನ್ಸ್ ತೋಟಾ ತಯಾರಿಸುವ ಪರವಾನಗಿಯಲ್ಲ. ಕೆಮ್ಮಣ್ಣುಗುಂಡಿಯ ಸುತ್ತಲಿನ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿಕೊಂಡಿದೆ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಕೋವಿ ಹಿಡಿದು ಕಾಲಿಟ್ಟರೆ ಅದೇ ಒಂದು ಅಪರಾಧ.

ಮನೆಯ ಅಟ್ಟದಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಯಾರೋ ತುಂಬಿಟ್ಟ ಹಳೆಯ ತೋಟಾಗಳು ಸಿಕ್ಕಿದರೆ ಹಾರಿಸಿ ನೋಡಬೇಡಿ, ಬಿಚ್ಚಲೂ ಹೋಗಬೇಡಿ, ಒಲೆಗೆ ಹಾಕಬೇಡಿ. ಒಳಗೆ ಯಾವ ಮದ್ದು ಎಷ್ಟಿದೆ ಎಂಬುದು ತುಂಬಿದವರಿಗೆ ಮಾತ್ರ ಗೊತ್ತಿತ್ತು. ಠಾಣೆಗೆ ತಿಳಿಸಿ, ಬರಹದಲ್ಲಿ ರಸೀದಿ ಪಡೆದು ಒಪ್ಪಿಸಿಬಿಡಿ.